ಮುಕ್ಕಾಲು ಸುತ್ತು

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ರಸ್ತೆಯ ತಿರುವಿನಲ್ಲಿ ಷಡ್ಡಕನ ಬೈಕಿನ ಸದ್ದು ಕೇಳಿಸಿತೆಂದರೆ ಸಾಕು, ಮೇಸ್ತ್ರಿಗೆ ಕುಡಿದ ಟೀ ಗಂಟಲಿಗೇ ವಾಪಸ್ ಬಂದಂತಾಗುತ್ತಿತ್ತು. ಹನ್ನೊಂದು ವರ್ಷದಿಂದ ಒಂದೇ ಒಂದು ಭಾನುವಾರ ತಪ್ಪಿರಲಿಲ್ಲ. ಮೇಸ್ತ್ರಿ ಮನೆಯ ಮುಂದಿನ ಶೆಡ್ಡಿನಲ್ಲೇ ಬೈಕು ರಿಪೇರಿ ಮಾಡುತ್ತಿದ್ದ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವವನು ಎಂದು ಜನ ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. ಷಡ್ಡಕ ಅಂದರೆ ಅವನ ಹೆಂಡತಿಯ ಅಕ್ಕನ ಗಂಡ. ಗುಡ್ಡದ ಮೇಲಿನ ಪಂಪ್ ಹೌಸಿನಲ್ಲಿ ನೌಕರಿ. ವಾರಕ್ಕೊಮ್ಮೆ ಬೈಕು ತಂದು ನಿಲ್ಲಿಸಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತರೆ ಊಟದ ಹೊತ್ತಿನವರೆಗೂ ಏಳುವ ಆಸಾಮಿಯಲ್ಲ.

"ಚೈನು ಸ್ವಲ್ಪ ಸದ್ದು ಮಾಡ್ತಿದೆ ನೋಡಪ್ಪ ಡಾಕ್ಟ್ರೇ. ಹಾಗೇ ಒಂಚೂರು ಒರೆಸಿಬಿಡು, ಮಡ್‌ಗಾರ್ಡ್ ಒಳಗೂ ಕೈ ಹಾಕು. ಮೇಲೆ ಮೇಲೆ ಸವರಿ ಕಳಿಸ್ಬೇಡ."

ಹೀಗೆ ಹೇಳುತ್ತ ಅವನು ಬೆರಳಿಗೆ ಸಿಕ್ಕಿಸಿದ ಕೀಲಿಯನ್ನು ಗಿರಗಿರನೆ ತಿರುಗಿಸುತ್ತಿದ್ದ. ಆ ಕೀಲಿಯ ಜೊತೆ ಒಂದು ಸಣ್ಣ ಕಬ್ಬಿಣದ ಪಿನ್ನು ನೇತಾಡುತ್ತಿತ್ತು. ನೋಡಿದವರಿಗೆ ಅದು ಬರೀ ಪಿನ್ನು. ಮೇಸ್ತ್ರಿಗೆ ಮಾತ್ರ ಅದು ಏನೆಂದು ಗೊತ್ತು.

ಹನ್ನೊಂದು ವರ್ಷದ ಹಿಂದೆ ಮಾವನವರ ಹಳೇ ಸ್ಕೂಟರಿನ ಮುಂದಿನ ಚಕ್ರ ಬಿಚ್ಚಿ ಜೋಡಿಸಿದ್ದು ಮೇಸ್ತ್ರಿಯೇ. ನಟ್ಟು ಹಾಕಿ ಅರ್ಧ ಬಿಗಿ ಮಾಡಿದ್ದಾಗ ಯಾರೋ ಕೂಗಿದರು, ಎದ್ದು ಹೋದ. ಬಂದವನು ಎಲ್ಲ ಮುಗಿಯಿತು ಅಂದುಕೊಂಡು ಕೀಲಿ ಕೊಟ್ಟುಬಿಟ್ಟ. ನಟ್ಟು ಕಳಚದಂತೆ ತಡೆಯುವ ಪಿನ್ನು ತಟ್ಟೆಯಲ್ಲೇ ಉಳಿಯಿತು. ಮಾರನೆಯ ದಿನ ಇಳಿಜಾರಿನಲ್ಲಿ ಚಕ್ರ ಕಳಚಿ, ಮಾವನವರ ತಲೆ ಕಲ್ಲಿಗೆ ಬಡಿದು, ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಹಳೇ ಗಾಡಿ, ಏನು ಮಾಡೋದು ಎಂದರು ಎಲ್ಲರೂ. ಷಡ್ಡಕ ಮಾತ್ರ ಶೆಡ್ಡಿಗೆ ಬಂದು ತಟ್ಟೆ ನೋಡಿದ, ಪಿನ್ನು ಎತ್ತಿ ಜೇಬಿಗೆ ಹಾಕಿಕೊಂಡ. "ಹೆದರ್ಬೇಡ, ನಾನು ಯಾರಿಗೂ ಹೇಳಲ್ಲ," ಎಂದ.

ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಮೇಸ್ತ್ರಿ ಅವನ ಪಾದ ತೊಳೆದು ನೀರು ಕುಡಿಯುತ್ತಿದ್ದ. ಆದರೆ ಆ ಪುಣ್ಯಾತ್ಮ ಅದನ್ನು ವಾರಕ್ಕೊಮ್ಮೆ ಹೇಳುತ್ತಿದ್ದ. ಹೇಳಲ್ಲ ಎಂದು ಐನೂರು ಸಲ ಹೇಳಿದರೆ ಅದಕ್ಕೆ ಏನರ್ಥ? ಮೇಸ್ತ್ರಿಯ ಹೆಂಡತಿ ಟೀ ತಂದಾಗಲೇ ಷಡ್ಡಕನಿಗೆ ಮಾವನವರ ನೆನಪು ಉಕ್ಕಿ ಬರುತ್ತಿತ್ತು. "ನಿಮ್ಮಪ್ಪ ಇದ್ದಿದ್ರೆ ಇವತ್ತು ಎಷ್ಟು ಖುಷಿ ಪಡ್ತಿದ್ರು ಕಣಮ್ಮ, ಅಲ್ವೇನಪ್ಪ ಡಾಕ್ಟ್ರೇ?" ಎನ್ನುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಮೇಸ್ತ್ರಿ ಬಗ್ಗಿ ಮಡ್‌ಗಾರ್ಡ್ ಒರೆಸುತ್ತಿದ್ದ.

ಅವಳು ಅಪ್ಪನ ಮಗಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ನಡುಮನೆಯ ಗೋಡೆಯ ಮೇಲಿದ್ದ ಅಪ್ಪನ ಫೋಟೋದ ಧೂಳು ಒರೆಸಿಯೇ ಒಲೆ ಹಚ್ಚುವವಳು. ಅಪ್ಪ ತೀರಿಕೊಂಡಾಗ ಒಂದೇ ಒಂದು ಸಲ ಕೇಳಿದ್ದಳು: "ಸ್ಕೂಟರಲ್ಲಿ ಏನೂ ತೊಂದರೆ ಇರ್ಲಿಲ್ಲ ಅಲ್ವಾ?" ಇರಲಿಲ್ಲ ಎಂದಿದ್ದ. ಅವಳು ನಂಬಿದ್ದಳು. ನಿಜ ಗೊತ್ತಾದರೆ ಅವಳು ಕೂಗಾಡುವವಳಲ್ಲ. ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಹೊಸಿಲು ದಾಟಿ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಇದು ಮೇಸ್ತ್ರಿಗೆ ತನ್ನ ಕೈಬೆರಳಿನಷ್ಟು ಚೆನ್ನಾಗಿ ಗೊತ್ತಿತ್ತು. ಅವಳಿಲ್ಲದ ಮನೆಯನ್ನು ನೆನೆಸಿಕೊಂಡರೇ ಅವನಿಗೆ ಉಸಿರು ಕಟ್ಟುತ್ತಿತ್ತು.

ಹೋದ ತಿಂಗಳು ಷಡ್ಡಕ ಹೊಸ ರಾಗ ತೆಗೆದ. "ಇನ್ನು ಮೂರು ತಿಂಗಳಿಗೆ ರಿಟೈರು. ಆಮೇಲೆ ಮನಸ್ಸಲ್ಲಿ ಇಟ್ಕೊಂಡಿರೋದನ್ನೆಲ್ಲ ಇಳಿಸಿ ಹಗುರ ಆಗ್ಬೇಕಪ್ಪ. ಮನೆಯವರೆಲ್ಲ ಸೇರಿದಾಗ ಒಂದು ಕತೆ ಹೇಳೋದಿದೆ." ಹೇಳಿ ಹಲ್ಲು ಬಿಟ್ಟು ನಕ್ಕ. ಅದು ತಮಾಷೆಯೋ ನಿಜವೋ ಮೇಸ್ತ್ರಿಗೆ ತಿಳಿಯಲಿಲ್ಲ. ಅಂದಿನಿಂದ ಅವನು ಆ ಬೈಕನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದ.

ಡಾಕ್ಟರ್ ಆದವನು ಕಾಯಿಲೆ ವಾಸಿ ಮಾಡಲು ಬಲ್ಲನಾದರೆ ಕಾಯಿಲೆ ತರಿಸಲೂ ಬಲ್ಲ. ಆದರೆ ಅದು ಬಂದುಹೋದ ಗುರುತೇ ಇರಬಾರದು. ಬ್ರೇಕಿನ ಪೈಪು ಕೊಯ್ಯುವುದು, ಬೋಲ್ಟು ಸಡಿಲ ಮಾಡುವುದು, ಇವೆಲ್ಲ ಅಡ್ಡಕಸುಬಿಗಳ ಕೆಲಸ. ಯಾವ ಪೊಲೀಸಿನವನಾದರೂ ಅರ್ಧ ಗಂಟೆಯಲ್ಲಿ ಹಿಡಿಯುತ್ತಾನೆ. ಮೇಸ್ತ್ರಿ ಮೊದಲು ಬೈಕನ್ನು ಬಿಟ್ಟು ಬೈಕಿನವನನ್ನು ಪರೀಕ್ಷೆ ಮಾಡಿದ. ಷಡ್ಡಕ ಯಾವಾಗಲೋ ಮರಳಿನಲ್ಲಿ ಜಾರಿ ಬಿದ್ದಾಗಿನಿಂದ ಮುಂದಿನ ಬ್ರೇಕು ಹಿಡಿಯಲು ಹೆದರುತ್ತಿದ್ದ. ಎಲ್ಲಕ್ಕೂ ಹಿಂದಿನದೇ. ಬಲಗಾಲು ಸದಾ ಪೆಡಲಿನ ಮೇಲೆ ಕೂತೇ ಇರುತ್ತಿತ್ತು. ಅವನ ಬಲಗಾಲಿನ ಬೂಟಿನ ಅಡಿ ಆ ಜಾಗದಲ್ಲಿ ಸವೆದು ನುಣ್ಣಗಾಗಿತ್ತು. ಪಂಪ್ ಹೌಸಿನಿಂದ ಕೆಳಗೆ ಬರುವ ದಾರಿಯಲ್ಲಿ ಒಂಬತ್ತು ತಿರುವು. ಕೊನೆಯ ತಿರುವಿನಲ್ಲಿ ಮೋರಿಯ ಕಲ್ಲಿನ ಗೋಡೆ.

ಪೆಡಲು ತುಳಿದಾಗ ಒಂದು ಪುಟ್ಟ ರಾಡು ಒಳಗಿನ ಎಣ್ಣೆಯನ್ನು ನೂಕುತ್ತದೆ. ಆ ಎಣ್ಣೆ ಹೋಗಿ ಹಿಂದಿನ ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿಸುತ್ತದೆ. ಕಾಲು ತೆಗೆದರೆ ಎಣ್ಣೆ ಹಿಂದಕ್ಕೆ ಬರಬೇಕು. ರಾಡು ಒಂದು ಕೂದಲಿನಷ್ಟು ಉದ್ದವಾಯಿತೆಂದರೆ ಎಣ್ಣೆ ಹಿಂದಕ್ಕೆ ಬರುವ ಬಾಗಿಲೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಯಾರೂ ಏನೂ ಮಾಡಬೇಕಾಗಿಲ್ಲ. ಬಿಸಿಗೆ ಎಣ್ಣೆ ಹಿಗ್ಗುತ್ತದೆ, ಹಿಗ್ಗಿದ ಎಣ್ಣೆ ಬ್ರೇಕನ್ನು ಇನ್ನಷ್ಟು ಹಿಡಿಯುತ್ತದೆ, ಹಿಡಿದಷ್ಟೂ ಬಿಸಿ ಏರುತ್ತದೆ. ಉದ್ದದ ಇಳಿಜಾರಿನಲ್ಲಿ ಕೊನೆಗೆ ಎಣ್ಣೆ ಕುದಿದು ಗುಳ್ಳೆ ಬರುತ್ತದೆ, ಪೆಡಲು ತುಳಿದರೆ ಗಾಳಿಯನ್ನು ತುಳಿದಂತೆ. ಎಲ್ಲಕ್ಕಿಂತ ಚಂದದ ಸಂಗತಿಯೆಂದರೆ, ಬೈಕು ತಣ್ಣಗಾದ ಮೇಲೆ ಬ್ರೇಕು ಮತ್ತೆ ಸರಿಯಾಗಿಯೇ ಇರುತ್ತದೆ.

ಮೇಸ್ತ್ರಿ ಇದನ್ನು ತನ್ನದೇ ಬೈಕಿನಲ್ಲಿ ಮೂರು ಮಧ್ಯಾಹ್ನ ಗುಡ್ಡ ಹತ್ತಿ ಇಳಿದು ನೋಡಿದ. ರಾಡನ್ನು ಅರ್ಧ ಸುತ್ತು ತಿರುಗಿಸಿ ಉದ್ದ ಮಾಡಿದರೆ ಬ್ರೇಕು ಸುಮ್ಮನೆ ಬೆಚ್ಚಗಾಯಿತು. ಒಂದು ಸುತ್ತಿಗೆ ಶುರುವಿನಲ್ಲೇ ಹಿಡಿದು ಎಳೆಯಿತು. ಎಂಥ ದಡ್ಡನಿಗೂ ಗೊತ್ತಾಗುತ್ತದೆ. ಮುಕ್ಕಾಲು ಸುತ್ತು ಹದವಾಗಿತ್ತು. ಏಳನೆಯ ತಿರುವಿನಲ್ಲಿ ಪೆಡಲು ಮೆತ್ತಗಾದಾಗ ಮುಂದಿನ ಬ್ರೇಕು ಹಿಡಿದು ಪಕ್ಕಕ್ಕೆ ನಿಲ್ಲಿಸಿದ. ಒಳಗೊಳಗೇ ಹಿಗ್ಗು. ಎಷ್ಟೋ ವರ್ಷದಿಂದ ಯಾವ ಕೆಲಸವೂ ಅವನಿಗೆ ಇಷ್ಟು ಖುಷಿ ಕೊಟ್ಟಿರಲಿಲ್ಲ. ಹಾಗೆ ಖುಷಿಯಾಯಿತಲ್ಲ ಎಂದು ಮನೆಗೆ ಬರುವಾಗ ನಾಚಿಕೆಯೂ ಆಯಿತು. ನಾಚಿಕೆ ಮನೆ ಬಾಗಿಲವರೆಗೆ ಬಂದು ಅಲ್ಲೇ ನಿಂತಿತು.

ಭಾನುವಾರ ಷಡ್ಡಕ ಬಂದ. ಟೀ ಕುಡಿದು, ಪೇಪರ್ ಓದಲು ಒಳಗೆ ಫ್ಯಾನಿನ ಕೆಳಗೆ ಹೋಗಿ ಕೂತ. ಮೇಸ್ತ್ರಿ ಮೊದಲು ಎಂಜಿನ್ ಆಯಿಲ್ ಬದಲಿಸಿದ, ಚೈನು ಬಿಗಿ ಮಾಡಿ ಹಿಂದಿನ ಆಕ್ಸೆಲ್ ನಟ್ಟು ಕೂರಿಸಿದ. ಆಮೇಲೆ ಪೆಡಲಿನ ಮೇಲಿದ್ದ ಸಣ್ಣ ತಗಡಿನ ಮೂರು ಸ್ಕ್ರೂ ಬಿಚ್ಚಿದ. ಸ್ಕ್ರೂಗಳ ತಲೆಗೆ ಗೀರು ಬೀಳಬಾರದೆಂದು ಸ್ಕ್ರೂ ಡ್ರೈವರಿನ ತುದಿಗೆ ತೆಳು ಬಟ್ಟೆ ಸುತ್ತಿದ್ದ. ನಟ್ಟು ಸಡಿಲಿಸಿದ, ರಾಡನ್ನು ಮುಕ್ಕಾಲು ಸುತ್ತು ತಿರುಗಿಸಿದ, ನಟ್ಟು ಬಿಗಿ ಮಾಡಿದ. ಕಿವಿಯೆಲ್ಲ ಬಾಗಿಲ ಕಡೆಗೇ ಇತ್ತು; ಒಳಗೆ ಪೇಪರಿನ ಹಾಳೆ ಮಗುಚಿದ ಸದ್ದು, ಷಡ್ಡಕ ಕೆಮ್ಮಿದ ಸದ್ದು, ಹೆಂಡತಿಯ ಬಳೆಯ ಸದ್ದು. ತಗಡು ಮತ್ತೆ ಕೂರಿಸಿ ಎದ್ದಾಗ ಒಟ್ಟು ನಾಲ್ಕು ನಿಮಿಷ ಆಗಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಸಂಜೆ ಐದಕ್ಕೆ ಷಡ್ಡಕನೇ ಶೆಡ್ಡಿನ ಮುಂದೆ ಬಂದು ನಿಂತ.

"ಏನಪ್ಪ ಡಾಕ್ಟ್ರೇ, ಏನು ಮಾಡಿಟ್ಟಿದೀಯ? ಹಿಂದಿನ ಚಕ್ರ ಕಾದ ಹೆಂಚು ಆಗಿದೆ. ಅರ್ಧ ದಾರಿಗೆ ವಾಸನೆ ಹೊಡೀತು, ನಿಲ್ಲಿಸಿ ಹತ್ತು ನಿಮಿಷ ಕೂತು ಬಂದೆ."

ಶೆಡ್ಡಿನಲ್ಲಿ ತನ್ನ ಬೈಕಿಗಾಗಿ ಕಾಯುತ್ತಿದ್ದ ಒಬ್ಬ ಶಾಲೆ ಮೇಷ್ಟ್ರು ತಲೆಯೆತ್ತಿ ನೋಡಿದರು. ಒಂದು ಕ್ಷಣ ಮೇಸ್ತ್ರಿಗೆ ಎಲ್ಲ ಬಿಟ್ಟು, ಆ ತಗಡು ಬಿಚ್ಚಿ ಮುಕ್ಕಾಲು ಸುತ್ತು ಹಿಂದಕ್ಕೆ ತಿರುಗಿಸಿಬಿಡೋಣ ಎನಿಸಿತು. ಅಷ್ಟು ಮಾಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಅವನು ಡಾಕ್ಟ್ರು. ಕಾಯಿಲೆ ನೋಡಿಯೇ ನೋಡಿದ, ಮೇಷ್ಟ್ರ ಕಣ್ಣೆದುರಿಗೇ. ಡಿಸ್ಕಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದ. ಚುಂಯ್ ಎಂದು ಆವಿ ಎದ್ದಿತು. ಬೈಕು ಆರುವ ತನಕ ಕಾದು, ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದ. ಈಗ ಸಲೀಸಾಗಿ ತಿರುಗಿತು. ಟಾರ್ಚು ಬಿಟ್ಟು ಬ್ರೇಕ್ ಪ್ಯಾಡು ನೋಡಿದ, ದಪ್ಪ ಇದೆ ಎಂದ. ಡಬ್ಬಿಯ ಎಣ್ಣೆ ನೋಡಿದ, ಬಣ್ಣ ಚೆನ್ನಾಗಿದೆ ಎಂದ. ಪೈಪನ್ನು ಬೆರಳಲ್ಲಿ ಒತ್ತಿ ನೋಡಿದ, ಉಬ್ಬಿಲ್ಲ ಎಂದ. ಒಂದೇ ಒಂದು ಸ್ಪ್ಯಾನರ್ ಎತ್ತಲಿಲ್ಲ. ಹೇಳಿದ ಒಂದೊಂದು ಮಾತೂ ನಿಜವೇ ಆಗಿತ್ತು.

"ಅಣ್ಣಾ, ಸ್ವಲ್ಪ ಬೂಟು ಬಿಚ್ಚಿ ಕೊಡಿ," ಎಂದ.

ಬೂಟನ್ನು ಮಗುಚಿ ಮೇಷ್ಟ್ರಿಗೆ ತೋರಿಸಿದ. ಪೆಡಲು ತಗಲುವ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. "ನೋಡಿ ಮೇಷ್ಟ್ರೇ, ಕಾಯಿಲೆ ಬೈಕಿಗಲ್ಲ. ಕಾಲು ಪೆಡಲ್ ಮೇಲೇ ಇಟ್ಟುಕೊಂಡು ಇಳಿದರೆ ಯಾವ ಬ್ರೇಕು ತಾನೇ ಬಿಸಿ ಆಗಲ್ಲ?"

ಮೇಷ್ಟ್ರು ಹೋ ಎಂದು ನಕ್ಕರು. ಷಡ್ಡಕನಿಗೆ ಅವಮಾನವಾಯಿತು. ಬೂಟು ಕಿತ್ತುಕೊಂಡು ಹಾಕಿಕೊಂಡ, ಕೀಲಿಯನ್ನು ಜೋರಾಗಿ ಒಂದು ಸಲ ತಿರುಗಿಸಿದ. "ಸರಿಯಪ್ಪ, ನನ್ನ ಕಾಲಿಗೇ ಕಾಯಿಲೆ. ನನ್ನ ತಪ್ಪನ್ನ ನೀನು ಹತ್ತು ಜನರ ಮುಂದೆ ಹೇಳ್ತೀಯ. ಬರೋ ಭಾನುವಾರ ನಾನೂ ಒಂದು ತಪ್ಪಿನ ಕತೆ ಹೇಳ್ತೀನಿ, ಹೆಂಡತೀನೂ ಕರ್ಕೊಂಡು ಬರ್ತೀನಿ. ಅಕ್ಕ ತಂಗಿ ಇಬ್ಬರೂ ಕೇಳ್ಲಿ." ಎಂದವನೇ ಬೈಕು ಏರಿ ಹೋದ.

ಅಲ್ಲಿಯವರೆಗೆ ಮೇಸ್ತ್ರಿಯ ಮನಸ್ಸಿನಲ್ಲಿ ಒಂದಿಷ್ಟು ಅಳುಕಿತ್ತು. ಆ ಮಾತು ಕೇಳಿದ ಮೇಲೆ ಅದೂ ಉಳಿಯಲಿಲ್ಲ.

ಗುರುವಾರ ಸಂಜೆ ಫೋನು ಬಂತು. ಒಂಬತ್ತನೆಯ ತಿರುವು, ಮೋರಿಯ ಗೋಡೆ, ಸ್ಥಳದಲ್ಲೇ ಹೋದರು ಎಂದರು. ಹೆಂಡತಿ ನೆಲಕ್ಕೆ ಕುಸಿದು ಅಳುವಾಗ ಮೇಸ್ತ್ರಿ ಅವಳ ಬೆನ್ನು ಸವರುತ್ತ ಕೂತ. ಅವನಿಗೆ ಅಳು ಬಂತು, ನಿಜವಾದ ಅಳುವೇ. ಹನ್ನೊಂದು ವರ್ಷದ ಭಾರ ಇಳಿದ ಅಳು ಅದು. ನೋಡಿದವರು, ಷಡ್ಡಕನಾದರೂ ಒಡಹುಟ್ಟಿದವನ ಹಾಗಿದ್ದ ಪಾಪ ಎಂದರು. ಅತ್ತಿಗೆಯಾಗಲಿ ನೆಂಟರಾಗಲಿ ಯಾರೂ ಅವನನ್ನು ಬೆರಳು ಮಾಡಿ ತೋರಿಸಲಿಲ್ಲ. ಹೆಂಡತಿಯ ಅಕ್ಕ ಅಳುತ್ತಲೇ ಹೇಳಿದ ಒಂದು ಮಾತು ಮಾತ್ರ ಅವನಿಗೆ ಚುಚ್ಚಿತು: "ಬೇರೆ ಯಾರ ಕೈಗೂ ಗಾಡಿ ಕೊಡ್ತಿರ್ಲಿಲ್ಲ ಕಣಪ್ಪ. ನಿನ್ನ ಕೈ ಅಂದ್ರೆ ಅಷ್ಟು ನಂಬಿಕೆ ಅವರಿಗೆ."

ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡರು. ಭಾನುವಾರ ಆಯಿಲ್ ಬದಲಿಸಿದೆ, ಚೈನು ಬಿಗಿ ಮಾಡಿದೆ. ಬ್ರೇಕಿನ ಕೆಲಸ ಏನೂ ಮಾಡಿಲ್ಲ. ಪೆಡಲಿನ ಮೇಲಿನ ತಗಡನ್ನು ಗಾಡಿ ಕೊಂಡಾಗಿನಿಂದ ಬಿಚ್ಚಿಯೇ ಇಲ್ಲ. ಮಂಗಳವಾರ ಬರೀ ನೋಡಿದ್ದು, ಮೇಷ್ಟ್ರು ಸಾಕ್ಷಿ. ಕಾಲು ಪೆಡಲಿನ ಮೇಲಿಡುವ ಅಭ್ಯಾಸ, ಎಚ್ಚರಿಕೆ ಹೇಳಿದ್ದೆ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿ, ಸಹಿ ಹಾಕಿದ. ಮೇಷ್ಟ್ರೂ ಬಂದು ಬೂಟಿನ ಕತೆಯನ್ನು ಬಣ್ಣ ಕಟ್ಟಿ ಹೇಳಿ ಹೋದರು. ಕೊನೆಗೆ ಕಾಗದದ ಮೇಲೆ ಷಡ್ಡಕನನ್ನು ಕೊಂದದ್ದು ಷಡ್ಡಕನ ಬಲಗಾಲೇ ಎಂದಾಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಒಂದು ಸಣ್ಣ ಲಾರಿ ಶೆಡ್ಡಿನ ಮುಂದೆ ನಿಂತಿತು. ಮುಂಭಾಗ ನುಜ್ಜುಗುಜ್ಜಾದ ಬೈಕನ್ನು ಇಳಿಸಿದರು. ಹಿಂಭಾಗಕ್ಕೆ ಏನೂ ಆಗಿರಲಿಲ್ಲ. ಜೊತೆಗೆ ಬಂದವರು ವಾಹನ ತಪಾಸಣೆಯ ಅಧಿಕಾರಿ, ಐವತ್ತು ದಾಟಿದ ಹೆಂಗಸು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದರು.

"ಠಾಣೆ ಹಿತ್ತಲಲ್ಲಿ ಸ್ಟ್ಯಾಂಡೂ ಇಲ್ಲ, ಬೆಳಕೂ ಇಲ್ಲ. ನೀವೇ ಒಳ್ಳೆ ಡಾಕ್ಟ್ರು ಅಂತಾರಲ್ಲ, ಸ್ವಲ್ಪ ಜೊತೆಗಿರಿ," ಎಂದರು.

ಮೇಸ್ತ್ರಿ ಬೈಕನ್ನು ಸ್ಟ್ಯಾಂಡಿಗೆ ಏರಿಸಿದ. ಆಮೇಲೆ ಸಮಾಧಾನ ತಂದುಕೊಂಡ. ಹೆದರುವಂಥದ್ದು ಏನಿದೆ? ಡಿಸ್ಕು ಕಾದು ನೀಲಿಗಟ್ಟಿದೆ, ಅದಕ್ಕೆ ಬೂಟು ಉತ್ತರ ಹೇಳುತ್ತದೆ.

"ಹಿಂದಿನ ಬ್ರೇಕು ಬಿಸಿ ಆಗೋದಕ್ಕೆ ಏನೇನು ಕಾರಣ ಇರ್ಬಹುದು, ಒಂದೊಂದೇ ಹೇಳಿ ನೋಡೋಣ," ಎಂದರು ಅಧಿಕಾರಿ.

ಅವನು ಹೇಳಿದ. ಕಾಲು, ಪ್ಯಾಡು, ಹಳೇ ಎಣ್ಣೆ, ಉಬ್ಬಿದ ಪೈಪು. ಅವರು ಒಂದೊಂದನ್ನೂ ಮುಟ್ಟಿ ನೋಡಿ ಬರೆದುಕೊಂಡರು. "ಇನ್ನೊಂದು ಇದೆಯಲ್ಲ?" ಎಂದಾಗ ಅವನು ತಡವರಿಸಲಿಲ್ಲ. ಗೊತ್ತಿದ್ದವನು ಮರೆತ ಹಾಗೆ ನಟಿಸಿದರೇ ಅನುಮಾನ ಬರುವುದು. "ಪೆಡಲಿನ ರಾಡು ಉದ್ದ ಆದರೂ ಆಗುತ್ತೆ ಮೇಡಂ. ಆದ್ರೆ ಅದು ಕಂಪನಿ ಸೆಟ್ಟಿಂಗು. ನಾನು ಅದಕ್ಕೆ ಕೈ ಹಾಕೋನಲ್ಲ." ಹೇಳಿ ತನ್ನ ಉತ್ತರಕ್ಕೆ ತಾನೇ ತಲೆದೂಗಿದ.

ಅಷ್ಟರಲ್ಲಿ ಹೆಂಡತಿ ಎರಡು ಲೋಟ ಟೀ ತಂದಳು. ಅತ್ತು ಅತ್ತು ಅವಳ ಮುಖ ಊದಿತ್ತು. ಅಧಿಕಾರಿ ಬಗ್ಗಿ ಹಿಂದಿನ ಆಕ್ಸೆಲ್ ನಟ್ಟನ್ನು ನೋಡುತ್ತಿದ್ದರು. "ಇದರ ಮೇಲೆ ಇದೇನು ಬಣ್ಣದ ಗೆರೆ?" ಎಂದು ಕೇಳಿದರು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು.

"ಅದು ಇವರ ಗುರುತು ಮೇಡಂ. ನಮ್ಮಪ್ಪ ಸ್ಕೂಟರ್ ಚಕ್ರ ಕಳಚಿ ಹೋಗ್ಬಿಟ್ರು. ಅವತ್ತಿಂದ ಇವರು ಬಿಗಿ ಮಾಡಿದ ನಟ್ಟಿಗೆಲ್ಲ ಒಂದು ಗೆರೆ ಎಳೀತಾರೆ, ಮರೆತುಹೋಗ್ಬಾರ್ದು ಅಂತ. ಕೈಗೆ ಎಷ್ಟು ಅಭ್ಯಾಸ ಅಂದ್ರೆ ಮನೆ ನಲ್ಲಿ, ಹೊಲಿಗೆ ಮಿಷನ್ನು, ಫ್ಯಾನು, ಒಂದನ್ನೂ ಬಿಟ್ಟಿಲ್ಲ." ಇಷ್ಟು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಸಣ್ಣ ನಗು ಸುಳಿಯಿತು.

"ಬೇರೆ ಕಡೆಯೆಲ್ಲ ಬಿಳಿ ಗೆರೆ ಇದೆ. ಇದೊಂದು ಹಸಿರು?"

"ಬಿಳಿ ಡಬ್ಬಿ ಮುಗಿದಿತ್ತು. ಆ ಭಾನುವಾರ ಬೆಳಿಗ್ಗೆ ನಾನೇ ಕಿಟಕಿಗೆ ಹಚ್ಚಿ ಉಳಿದಿದ್ದ ಹಸಿರು ಕೊಟ್ಟೆ. ಭಾವನ ಗಾಡಿಗೇ ಮೊದಲು ಹಚ್ಚಿದ್ದು."

ಅಧಿಕಾರಿ ಬ್ರೇಕಿನ ಬೋಲ್ಟುಗಳನ್ನು ನೋಡಿದರು. ಅವುಗಳ ಮೇಲೆ ಹಳೇ ಬಿಳಿ ಗೆರೆ, ಅಷ್ಟೇ. ಮೇಸ್ತ್ರಿಗೆ ಹೆಂಡತಿಯನ್ನು ಅಲ್ಲೇ ಅಪ್ಪಿಕೊಳ್ಳಬೇಕೆನಿಸಿತು. ಯಾವ ವಕೀಲನೂ ಇಷ್ಟು ಚೆನ್ನಾಗಿ ವಾದಿಸಲಾರ. ಅಧಿಕಾರಿ ಸ್ಕ್ರೂ ಡ್ರೈವರ್ ತೆಗೆದು ಪೆಡಲಿನ ಮೇಲಿನ ತಗಡಿಗೆ ಹಾಕಿದಾಗಲೂ ಅವನು ನಿರಾಳವಾಗಿ ಟೀ ಗುಟುಕರಿಸಿದ. ಬಿಚ್ಚಲಿ. ರಾಡು ಉದ್ದವಿದೆ ಎಂದು ಹೇಳಬಹುದು. ತಿರುಗಿಸಿದವರು ಯಾರು, ಯಾವಾಗ ಎಂದು ಹೇಳಲು ಕಬ್ಬಿಣಕ್ಕೆ ಬಾಯಿಲ್ಲ.

ಮೂರನೆಯ ಸ್ಕ್ರೂ ಬಂತು, ತಗಡು ಕಳಚಿತು. ಅಧಿಕಾರಿ ಕನ್ನಡಕ ಏರಿಸಿಕೊಂಡು ನೋಡಿದರು. ಮೇಸ್ತ್ರಿಯೂ ಬಗ್ಗಿದ. ಆ ಸಣ್ಣ ನಟ್ಟಿನ ಮೇಲಿಂದ ರಾಡಿನವರೆಗೆ, ಸ್ಕೇಲಿಟ್ಟು ಎಳೆದಷ್ಟು ನೇರವಾಗಿ, ಒಂದು ಗೆರೆ ಇತ್ತು. ಕಿವಿ ಬಾಗಿಲ ಕಡೆಗಿದ್ದ ಆ ನಾಲ್ಕು ನಿಮಿಷದಲ್ಲಿ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು. ಗಂಡನ ಹೆಗಲ ಮೇಲಿಂದ ಇಣುಕಿದ ಹೆಂಡತಿ, "ನಾನು ಹೇಳ್ಲಿಲ್ವಾ ಮೇಡಂ, ಇಲ್ಲೂ ಹಸಿರು ಹಾಕಿದಾರೆ ನೋಡಿ," ಎಂದಳು, ಹೆಮ್ಮೆಯಿಂದಲೇ.